ಚಿತ್ರದ ಕೆಳಗೆ ಎರಡು ಸಾಲು ಬರೆಯಿರಿ

ಮಾನ್ಯರೇ,

ಹಳೆಯ ಹಡಗುಗಳ ಕುರಿತ ಪುರವಣಿ ಲೇಖನದ ಜತೆ, ಮರಳಿನಲ್ಲಿ ಸಿಕ್ಕಿಕೊಂಡ ‘ಗ್ರೇಟ್ ಬ್ರಿಟನ್’ ಉಗಿಹಡಗಿನ ವರ್ಣಚಿತ್ರವನ್ನು ಯಾವ ವಿವರಣೆಯೂ ಇಲ್ಲದೆ ಅಚ್ಚು ಹಾಕಿದ್ದೀರಿ. ನೋಡಿದವರು ‘ಪಾಪ, ಹಾಳಾದ ಹಡಗು’ ಎಂದುಕೊಂಡು ಪುಟ ತಿರುಗಿಸುತ್ತಾರೆ, ಅಲ್ವಾ?

ನಡೆದದ್ದೇ ಬೇರೆ. 1846ರ ಸೆಪ್ಟೆಂಬರ್‌ನಲ್ಲಿ ಐರ್ಲೆಂಡಿನ ಡಂಡ್ರಮ್ ಕೊಲ್ಲಿಯಲ್ಲಿ ಹಡಗು ನೆಲ ಕಚ್ಚಿತು. ಪ್ರಯಾಣಿಕರೆಲ್ಲ ಸುರಕ್ಷಿತವಾಗಿ ಇಳಿದರು. ಚಳಿಗಾಲದ ಅಲೆಗಳ ಹೊಡೆತ ತಡೆಯಲು, ಅದನ್ನು ವಿನ್ಯಾಸ ಮಾಡಿದ ಎಂಜಿನಿಯರ್ ಬ್ರುನೆಲ್ ಹಿಂಭಾಗಕ್ಕೆ ಸೌದೆ ಹೊರೆಗಳನ್ನು ಒಟ್ಟಿಸಿದರು. (ಅಷ್ಟು ದೊಡ್ಡ ಯಂತ್ರಕ್ಕೆ ಕಾವಲು ಸೌದೆ!) ಮರದ ಹಡಗಾಗಿದ್ದರೆ ಅಷ್ಟು ತಿಂಗಳು ಉಳಿಯುವುದು ಕಷ್ಟವಿತ್ತು. ಕಬ್ಬಿಣದ ಒಡಲು ತಡೆದುಕೊಂಡಿತು. 1847ರ ಆಗಸ್ಟ್‌ನಲ್ಲಿ ಮತ್ತೆ ತೇಲಿ, ಮುಂದೆ ಆಸ್ಟ್ರೇಲಿಯಾಕ್ಕೆ ವಲಸಿಗರನ್ನು ವರ್ಷಗಟ್ಟಲೆ ಸಾಗಿಸಿತು. ಈಗ ತಾನು ಹುಟ್ಟಿದ ಬ್ರಿಸ್ಟಲ್‌ನಲ್ಲೇ ಮ್ಯೂಸಿಯಂ ಆಗಿದೆ.

ಇಂಥ ಚಿತ್ರಗಳನ್ನು ಸುಮ್ನೆ ಜಾಗ ತುಂಬಲು ಬಳಸಬೇಡಿ. ಕಲಾವಿದರ ಹೆಸರು, ಸ್ಥಳ, ವರ್ಷ, ಆಮೇಲೆ ಏನಾಯಿತು ಎಂಬುದನ್ನು ಎರಡು ಸಾಲಿನಲ್ಲಿ ಕೊಡಿ. ಚಿತ್ರವೂ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಿರಲಿ.

– ಓದುಗ, ಧಾರವಾಡ