ಯುನಿಟ್ ಮುಚ್ಚತಾರಂತ ಹೆದರಿ ಬರದೀಯಲ್ಲ ಮಗಳ

ಮಗಳ, ನಿಮ್ಮ ಪ್ಯಾಂಟ್ ಹೊಲಿಯೋ ಯುನಿಟ್ಟಿನ್ಯಾಗ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿ ಕೊಡಂಗಿಲ್ಲಂತ ನೀ ಬರದ ಮೆಸೇಜು ನಾಕು ಸಲ ಓದಿದೆ. ಉಳದಿದ್ದೆಲ್ಲಾ ಇರಲಿ, "ಸರ್ಕಾರಿ ರೇಟ್ ಕೇಳಿದ್ರ ಓನರ್ ಯುನಿಟ್ಟೇ ಮುಚ್ಚತಾನ, ನನ್ನಿಂದ ಇಪ್ಪತ್ತು ಮಂದಿ ಹೊಟ್ಟಿಗೆ ಹೊಡದಂಗ ಆಗತೈತಿ ದೊಡ್ಡಪ್ಪ" ಅಂತ ಬರದಿ ನೋಡು, ಅದು ನಿದ್ದಿ ಮಾಡಗೊಡಲಿಲ್ಲ.

ಯಾಕಂದ್ರ ಇದೇ ಮಾತು ನಾ ಗಂಗಾವತಿ ರೈಸ್ ಮಿಲ್ಲಿನ್ಯಾಗ ಗುಮಾಸ್ತ ಇದ್ದಾಗ ದಿನಾ ಕೇಳೀನಿ, ಕೇಳಿ ಕೇಳಿ ನಾನೂ ನಂಬಿದ್ದೆ. ಎರಡು ಬುಕ್ ಇದ್ವು, ಒಂದ್ರಾಗ ಸರ್ಕಾರದ ರೇಟು, ಇನ್ನೊಂದ್ರಾಗ ಖರೇನ ಕೊಟ್ಟ ರೊಕ್ಕ. ಅಕ್ಕಿ ಹಸನ ಮಾಡೋ ಹೆಣ್ಮಕ್ಕಳು ಪಗಾರದ ದಿನ ಸಾಲಾಗಿ ನಿಲ್ಲತಿದ್ರು, ತೌಡು ಹತ್ತಿದ ಹೆಬ್ಬಟ್ಟಿಗೆ ಮಸಿ ಹಿಡೀತಿರಲಿಲ್ಲ, ನಾನೇ ನನ್ನ ಟವೆಲ್ಲಿನ್ಯಾಗ ಒರಸಿ ಸರ್ಕಾರದ ರೇಟಿನ ಬುಕ್ಕಿನ್ಯಾಗ ಒತ್ತಿಸತಿದ್ದೆ. ಒಬ್ಬಾಕಿ "ಯಪ್ಪಾ, ಇದರಾಗ ಎಷ್ಟು ಬರದೀರಿ" ಅಂದ್ಲು. "ನಿಂದು ನಿನಗ ಬಂದೈತಲ್ಲ, ನಡಿ" ಅಂದೆ. 1982ರಾಗ ಸುಪ್ರೀಂ ಕೋರ್ಟು ದಿಲ್ಲಿ ಏಷ್ಯಾಡ್ ಆಟಕ್ಕ ಕಟ್ಟಡ ಕಟ್ಟಿದ ಕೂಲಿಕಾರರ ಕೇಸಿನ್ಯಾಗ ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ಟು ದುಡಿಸೋದು ಬಲವಂತದ ದುಡಿಮಿ ಅಂತ ಹೇಳಿಬಿಟ್ಟಿತ್ತು, ಅದಾಗಿ ಎಷ್ಟೋ ವರ್ಷ ನಾ ಹೆಬ್ಬಟ್ಟು ಒತ್ತಿಸಿದೆ. ಮಿಲ್ ಮುಚ್ಚತೈತಿ ಮುಚ್ಚತೈತಿ ಅಂತಿದ್ದವರು ಎರಡನೇ ಗೋದಾಮು ಕಟ್ಟಿದರು. ಬಾಜೂಕಿನ ಮಿಲ್ಲು ಮುಚ್ಚಿತು, ಅದು ಬ್ಯಾಂಕಿನ ಸಾಲಕ್ಕ, ಕೂಲಿಗಲ್ಲ.

ನಿನ್ನ ಅಂಜಿಕಿ ಸುಳ್ಳು ಅನ್ನಂಗಿಲ್ಲ ನಾ. ದೊಡ್ಡ ದೊಡ್ಡ ಅರ್ಥಶಾಸ್ತ್ರದವರೇ ಇದಕ್ಕ ಜಗಳ ಆಡ್ಯಾರ. 1992ರಾಗ ಅಮೆರಿಕಾದ ನ್ಯೂಜೆರ್ಸಿಯಾಗ ತಾಸಿನ ಕೂಲಿ 4.25 ಡಾಲರಿಂದ 5.05ಕ್ಕ ಏರಿಸಿದರು, ಬಾಜೂಕಿನ ಪೆನ್ಸಿಲ್ವೇನಿಯಾದಾಗ ಏರಿಸಲಿಲ್ಲ. ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಅನ್ನೋರು ಎರಡೂ ಕಡೆ ಬರ್ಗರ್ ಅಂಗಡಿ ಲೆಕ್ಕ ತಗದ್ರ, ಕೆಲಸ ಕಮ್ಮಿ ಆಗಿರಲಿಲ್ಲ. ನ್ಯೂಮಾರ್ಕ್, ವಾಷರ್ ಅನ್ನೋರು ಬ್ಯಾರೆ ಲೆಕ್ಕ ತಂದು ಇಲ್ಲ, ಆಗೈತಿ ಅಂದ್ರು. 2021ರಾಗ ಕಾರ್ಡ್‌ಗೆ ನೊಬೆಲ್ ಬಂತು, ಜಗಳ ಮುಗಿದಿಲ್ಲ. ಒಮ್ಮೆಲೆ ಭಾಳ ಏರಿಸಿದ್ರ ಸಣ್ಣ ಯುನಿಟ್ಟಿಗೆ ಪೆಟ್ಟು ಬೀಳತೈತಿ, ಹೊಲಿಗಿ ಮನಿಮನಿಗೆ ಹೋಗತೈತಿ, ಅದೂ ಖರೆ. ಆದ್ರ ನೀ ಏರಿಸ್ರಿ ಅನ್ನಾಕತ್ತಿಲ್ಲಲ್ಲ ಮಗಳ, ಇದ್ದದ್ದು ಕೊಡ್ರಿ ಅನ್ನಾಕತ್ತಿ. ಬಳ್ಳಾರಿ ಕೌಲ್ ಬಜಾರಿನ್ಯಾಗ ಎಲ್ಲಿ ಹೋದ್ರೂ ಅದೇ ರೇಟು ಅಂತ ನೀನೇ ಬರದಿ, ಬಿಟ್ಟು ಹೋಗಾಕ ಜಾಗಾ ಇಲ್ಲದವರಿಗೇ ಮುಚ್ಚತೀನಿ ಅಂತ ಹೆದರಸೋದು ಸಸಾರ.

ಏನು ಮಾಡಬೇಕು ಅಂತ ಹೇಳಾಕ ನನಗ ಯಾವ ಮಾರಿ ಐತಿ. ಆದ್ರೂ, ದಿನಾ ಎಷ್ಟು ಪ್ಯಾಂಟಿಗೆ ಬೆಲ್ಟಿನ ಲೂಪ್ ಹಚ್ಚಿದಿ, ಎಷ್ಟು ತಾಸು ಕುಂತಿ ಅಂತ ನಿನ್ನ ಡೈರಿಯಾಗ ಬರದಿಡು. ಪೀಸ್ ರೇಟ್, ಒಂದು ಪೀಸಿಗೆ ಇಷ್ಟು ಅಂತ ಕೂಲಿ, ಅಂದ್ರೂ ದಿನಪೂರ್ತಿ ದುಡದವರಿಗೆ ದಿನದ ಕನಿಷ್ಠ ಕೂಲಿ ಕಮ್ಮಿ ಆಗಬಾರದು, 1948ರ ಕನಿಷ್ಠ ಕೂಲಿ ಕಾಯ್ದೆನೂ ಅದನ್ನೇ ಹೇಳತಿತ್ತು, ಈಗಿನ ವೇತನ ಸಂಹಿತೆನೂ ಅದನ್ನೇ ಹೇಳತೈತಿ. ಕಮ್ಮಿಗೆ ಒಪ್ಪೀನಿ ಅಂತ ಸಹಿ ಹಾಕಿಸ್ಕೊಂಡಿದ್ರೂ ಅದು ನಡೆಯಂಗಿಲ್ಲ, ಬಾಕಿ ಕೇಳಾಕ ಮೂರು ವರ್ಷ ಟೈಮ್ ಐತಿ. ಒಬ್ಬಾಕಿನೇ ಹೋಗಬ್ಯಾಡ, ನಾಕು ಮಂದಿ ಕೂಡಿ ಲೇಬರ್ ಆಫೀಸಿಗೆ ಹೋಗ್ರಿ.

ಮುಚ್ಚಿಬಿಟ್ರ ಏನು ಅಂತ ಮತ್ತ ಕೇಳತಿ, ಮುಚ್ಚಂಗಿಲ್ಲ ಅಂತ ಆಣಿ ಮಾಡಾಕ ನನ್ನ ಕೈಲಾಗಂಗಿಲ್ಲ. ಈ ತಿಂಗಳು ಬುಕ್ ಮುಂದಿಟ್ಟಾಗ ಸಹಿ ಮಾಡೋಕಿಂತ ಮೊದಲು ಇದರಾಗ ಎಷ್ಟು ಬರದೀರಿ ಅಂತ ಕೇಳು. ಯಾರಾದ್ರೂ "ನಿಂದು ನಿನಗ ಬಂದೈತಲ್ಲ, ನಡಿ" ಅಂದ್ರ ಅವತ್ತು ರಾತ್ರಿನೇ ಫೋನ್ ಹಚ್ಚು, ಎಷ್ಟು ಹೊತ್ತಾದ್ರೂ ಎತ್ತತೀನಿ.

ನಿನ್ನ ದೊಡ್ಡಪ್ಪ