ವಿಜಯಪುರ ಪ್ರವಾಸ: ಎಲ್ಲ ಬಸ್ಸೂ ಮೊದಲು ಗುಮ್ಮಟಕ್ಕೇ ಯಾಕೆ?

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಬೆಳಗಾವಿ, ಬಾಗಲಕೋಟೆ ಕಡೆಯಿಂದ ನಸುಕಿನಲ್ಲಿ ಹೊರಟ ಶಾಲಾ ಪ್ರವಾಸದ ಬಸ್ಸುಗಳು ಹನ್ನೊಂದರ ಸುಮಾರಿಗೆ ಒಂದರ ಹಿಂದೊಂದು ಗೋಳಗುಮ್ಮಟದ ಮುಂದೆ ಬಂದು ನಿಲ್ಲುತ್ತವೆ. ಎರಡು ತಾಸಿನಲ್ಲಿ ಗುಮ್ಮಟ ಮುಗಿಸಿ, ಊರಿನ ಪಡುವಣ ತುದಿಯಲ್ಲಿರುವ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಸಮಾಧಿ ಇಬ್ರಾಹಿಂ ರೋಜಾದ ಕಡೆ ಮುಖವನ್ನೂ ಮಾಡದೆ, ಆಲಮಟ್ಟಿಗೋ ಕೂಡಲಸಂಗಮಕ್ಕೋ ಓಡುತ್ತವೆ. ಊರು ನೋಡಿದ ಲೆಕ್ಕ ಮುಗಿಯಿತು. ಆದರೆ ಆ ಹೊತ್ತಿನಲ್ಲಿ ಗುಮ್ಮಟವೂ ಸಿಗುವುದಿಲ್ಲ ಎಂಬುದೇ ತಕರಾರು.

ಮೂಲೆಯ ಮಿನಾರಿನೊಳಗಿನ ಕಡಿದಾದ ಮೆಟ್ಟಿಲು ಏರಿ ಏಳಂತಸ್ತು ಹತ್ತುವುದು ಪಿಸುಗುಟ್ಟುವ ಗ್ಯಾಲರಿಗಾಗಿ. ಗುಮ್ಮಟದ ಒಳ ವ್ಯಾಸ ಸುಮಾರು 38 ಮೀಟರ್. ಗೋಡೆಗೆ ಬಾಯಿ ಹತ್ತಿರ ಮಾಡಿ ಮೆಲ್ಲಗೆ ಆಡಿದ ಮಾತು ದುಂಡು ಗೋಡೆಯನ್ನು ಸವರಿಕೊಂಡೇ ಸಾಗಿ ನೇರ ಎದುರು ಬದಿಯಲ್ಲಿ ಗೋಡೆಗೆ ಕಿವಿ ಇಟ್ಟವರಿಗೆ ಮುಟ್ಟುತ್ತದೆ. ನಡುವೆ ಐವತ್ತು ಜನ ಗೋಡೆಗೆ ಬೆನ್ನು ಕೊಟ್ಟು ನಿಂತರೆ ಆ ದಾರಿ ಬಂದ್. ಪ್ರತಿಧ್ವನಿಯದೂ ಇದೇ ಪಾಡು. ಒಂದೇ ಒಂದು ಚಪ್ಪಾಳೆ ಹೊಡೆದು ಅದು ಪೂರ್ತಿ ಅಡಗುವ ತನಕ ಸುಮ್ಮನಿದ್ದರೆ ಏಳು ಸಲ ಮರಳುವುದನ್ನು ಎಣಿಸಬಹುದು. ಇನ್ನೂರು ಮಕ್ಕಳು ಒಟ್ಟಿಗೆ ‘ಓ’ ಎಂದರೆ ಒಂದರ ಮೇಲೊಂದು ಬಿದ್ದು ಸಂತೆಯ ಗದ್ದಲವಷ್ಟೇ ಉಳಿಯುತ್ತದೆ. ‘ಏನೂ ಕೇಳಿಸಲಿಲ್ಲರೀ ಸರ’ ಎನ್ನುತ್ತ ಇಳಿಯುವ ಹುಡುಗರದು ತಪ್ಪಲ್ಲ.

ಹಿಂದಿನ ರಾತ್ರಿ ಊರಲ್ಲೇ ತಂಗಿದವರು ಮುಂಜಾನೆ ಆರಕ್ಕೆ ಗೇಟು ತೆರೆಯುತ್ತಲೇ ನೇರ ಮೇಲೆ ಹತ್ತಲಿ. ಕೆಳಗಿನದನ್ನು ಇಳಿದ ಮೇಲೆ ನೋಡಿದರಾಯಿತು. 1656ರಲ್ಲಿ ಮುಗಿದ ಈ ಕಟ್ಟಡದ ನಡುಗಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗೆ ಮಾತ್ರ, ಮಹಮ್ಮದ್ ಆದಿಲ್‌ಶಾಹನ ನಿಜ ಸಮಾಧಿ ನೆಲಮಾಳಿಗೆಯಲ್ಲಿದೆ ಎಂಬುದನ್ನು ಮಕ್ಕಳಿಗೆ ಅಲ್ಲೇ ನಿಂತು ಹೇಳಬೇಕು. ಗುಮ್ಮಟದ ಎದುರಿಗೆ, ಹಿಂದೆ ನಗಾರಿ ಬಾರಿಸುತ್ತಿದ್ದ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಅಂದೇ ಬಂದು ಬೀಗ ನೋಡಿ ಹೋಗುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ಹನ್ನೊಂದಕ್ಕೆ ಬಂದು ಮುಟ್ಟುವ ಬಸ್ಸುಗಳಲ್ಲಿ ಅರ್ಧದಷ್ಟಾದರೂ ಪಡುವಣ ತುದಿಯಿಂದ ಶುರುಮಾಡಿ ಗುಮ್ಮಟವನ್ನು ಕೊನೆಗೆ ಇಟ್ಟುಕೊಂಡರೆ ಎರಡೂ ಕಡೆ ದಟ್ಟಣೆ ಇಳಿಯುತ್ತದೆ. ಸಂಜೆ ಆರಕ್ಕೆ ಬಾಗಿಲು ಹಾಕುವುದರಿಂದ ನಾಲ್ಕರೊಳಗೆ ಅಲ್ಲಿರಬೇಕು, ಇಷ್ಟೇ ಷರತ್ತು. ಇಬ್ರಾಹಿಂ ರೋಜಾಕ್ಕೆ ಒಂದು ತಾಸು ಬೇಕೇ ಬೇಕು. ಗುಮ್ಮಟದ್ದು ಗಾತ್ರ, ರೋಜಾದ್ದು ಕುಸುರಿ. ಕಲ್ಲಿನಲ್ಲೇ ಅಕ್ಷರ ಕೊರೆದ ಜಾಲಂಧ್ರಗಳ ಕಿಟಕಿಗಳನ್ನು ಒಳಗೆ ಹೋಗಿ ಬೆಳಕಿಗೆ ಎದುರಾಗಿ ನೋಡಿದರೆ ಮಾತ್ರ ಓದಲು ಬರುತ್ತವೆ. ಅಲ್ಲಿಂದ ಮಲಿಕ್-ಎ-ಮೈದಾನ್ ತೋಪು ಹತ್ತಿರ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, 55 ಟನ್ ತೂಗುತ್ತದೆ ಎನ್ನುವ ಈ ಭಾರದ ತೋಪಿಗೆ 1854ರ ಹರಾಜಿನಲ್ಲಿ ಕೂಗಿದ ಬೆಲೆ ಬರೀ 150 ರೂಪಾಯಿ! ಪುಣ್ಯಕ್ಕೆ ಮಾರಾಟ ರದ್ದಾಯಿತು. ಪಕ್ಕದ ಉಪ್ಪಲಿ ಬುರುಜಿನ ಮೆಟ್ಟಿಲು ಹೊರಗೋಡೆಯನ್ನೇ ಸುತ್ತಿಕೊಂಡು ಏರುತ್ತವೆ. ಸಣ್ಣ ಮಕ್ಕಳಿದ್ದರೆ ಒಬ್ಬರ ಹಿಂದೊಬ್ಬರು, ಮುಂದೊಬ್ಬ ಹಿಂದೊಬ್ಬ ಮಾಸ್ತರು. ಜಾಮಿಯಾ ಮಸೀದಿಯಲ್ಲಿ ಚಪ್ಪಲಿ ಬಿಡಬೇಕು, ಬಿಸಿಲೇರಿದ ಮೇಲೆ ಕಲ್ಲು ಕಾಲು ಸುಡುತ್ತದೆ, ಕಾಲುಚೀಲ ಇರಲಿ. ಎರಡನೇ ಅಲಿ ಆದಿಲ್‌ಶಾಹನ ಮುಗಿಯದೇ ಉಳಿದ ಸಮಾಧಿ ಬಾರಾ ಕಮಾನು ದಾರಿಯಲ್ಲೇ ಸಿಗುತ್ತದೆ.

ಊಟದ ವಿಷಯ. ಗುಮ್ಮಟದ ಸುತ್ತ ಪಲಾವು ತಿಂದು ಹೋಗುವುದು ಅನ್ಯಾಯ. ಯಾವುದಾದರೂ ಖಾನಾವಳಿಗೆ ಹೋಗಿ ರೊಟ್ಟಿ ಊಟ ಕೇಳಿ: ಬಿಳಿಜೋಳದ ರೊಟ್ಟಿ, ಎಣಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿ ಮೂಲಂಗಿ, ಮೆಂತೆಸೊಪ್ಪು. ಬಿಸಿ ರೊಟ್ಟಿಯನ್ನು ಒಂದೊಂದಾಗಿಯೇ ಹಾಕಿಸಿಕೊಳ್ಳಿ. ನಾಲ್ಕು ಒಟ್ಟಿಗೆ ತರಿಸಿದರೆ ಕೊನೆಯದು ಆರಿ ಚರ್ಮದಂತಾಗಿರುತ್ತದೆ. ನಲವತ್ತು ಮಕ್ಕಳಿದ್ದರೆ ಹಿಂದಿನ ದಿನವೇ ಫೋನ್ ಮಾಡಿ ಹೇಳಬೇಕು. ಜೋಳದ ಹಿಟ್ಟಿಗೆ ಗೋದಿಯ ಅಂಟು ಇಲ್ಲ, ಬಿಸಿನೀರು ಹಾಕಿ ನಾದಿ ಆಗಿಂದಾಗ್ಗೆ ಬಡಿಯಬೇಕು, ನಾದಿಟ್ಟರೆ ಸೀಳುತ್ತದೆ. ಊರಿಗೆ ಒಯ್ಯಲು ಖಡಕ್ ರೊಟ್ಟಿಯೇ ಸರಿ. ಅದು ಪೂರ್ತಿ ಆರಿದೆಯೇ ಎಂದು ಮುಟ್ಟಿ ನೋಡಿಯೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಇಲ್ಲವಾದರೆ ಒಳಗೇ ಬೆವತು ಬೂಸು ಹಿಡಿಯುತ್ತದೆ. ಒಣದ್ರಾಕ್ಷಿ ಕೊಳ್ಳುವಾಗ ಒಂದು ಹಿಡಿ ಮುಷ್ಟಿಯಲ್ಲಿ ಒತ್ತಿ ಬಿಡಿ. ಉಂಡೆಯಾಗಿಯೇ ಉಳಿದರೆ ಹಸಿ ಇದೆ ಎಂದರ್ಥ, ಬಹಳ ದಿನ ತಾಳುವುದಿಲ್ಲ.

ಸಂಕ್ರಾಂತಿಯ ಆಚೀಚೆ ಸಿದ್ದೇಶ್ವರ ಜಾತ್ರೆ. ಜಾತ್ರೆ ನೋಡಬೇಕೆನ್ನುವವರು ಬರಲಿ, ಆದರೆ ರೂಮು ಮೊದಲೇ ಹಿಡಿದಿಟ್ಟುಕೊಂಡು. ಶಾಲೆಯವರು ಆ ವಾರ ಬಿಟ್ಟು ಬಂದರೆ ಒಳಿತು.

ಪುರಾತತ್ವ ಇಲಾಖೆಯವರಲ್ಲಿ ಕೇಳುವುದು ದೊಡ್ಡದೇನಿಲ್ಲ. ಗುಮ್ಮಟದ ಮೆಟ್ಟಿಲ ಬುಡದಲ್ಲಿ ಕನ್ನಡದ ಒಂದು ಫಲಕ: ಮೇಲೆ ಹೋದ ಮೇಲೆ ಗೋಡೆ ಬಿಟ್ಟು ನಿಲ್ಲಿ, ಒಬ್ಬರೇ ಮಾತಾಡಿ, ಉಳಿದವರು ಕೇಳಿ. ಜತೆಗೆ ದಟ್ಟಣೆಯ ದಿನಗಳಲ್ಲಿ ಒಂದು ಶಾಲೆಯ ತಂಡ ಇಳಿದ ಮೇಲೆಯೇ ಇನ್ನೊಂದನ್ನು ಹತ್ತಿಸಲಿ.

– ನಿಮ್ಮ ಓದುಗ, ವಿಜಯಪುರ