ಶಾಲಾ ಸಂಸತ್ತಿನಲ್ಲಿ ವಿರೋಧ ಪಕ್ಷಕ್ಕೂ ಬೆಂಚು ಬೇಕು

ಮಾನ್ಯ ಸಂಪಾದಕರೇ,

ಕೊಡಗಿನ ಕ್ಯಾಥೊಲಿಕ್ ಹೈಸ್ಕೂಲುಗಳಲ್ಲಿ ಶಾಲಾ ಸಂಸತ್ತಿನ ಪ್ರಮಾಣವಚನ ಅಚ್ಚುಕಟ್ಟಾಗಿ ನಡೆಯುತ್ತದೆ. ಆದರೆ ಬಹಳಷ್ಟು ಕಡೆ ಅಭ್ಯರ್ಥಿಗಳ ಪಟ್ಟಿ ಸ್ಟಾಫ್ ರೂಮಿನಲ್ಲೇ ತಯಾರಾಗಿರುತ್ತದೆ. ಅಂಕ ಚೆನ್ನಾಗಿರಬೇಕು, ದೂರು ಬಂದಿರಬಾರದು. ‘ಆಟದ ಪೀರಿಯಡನ್ನು ಗಣಿತಕ್ಕೆ ಕೊಡಬೇಡಿ’ ಎನ್ನುವ ಹುಡುಗನಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಆಡಳಿತವನ್ನು ವಿರೋಧಿಸುವುದೆಂದರೆ ಅಶಿಸ್ತು ಎಂದೇ ಮಕ್ಕಳು ಮೂರು ವರ್ಷ ಕಲಿಯುತ್ತಾರೆ. ಹತ್ತನೇ ತರಗತಿ ಮುಗಿಸಿ ಒಂದೆರಡು ವರ್ಷದಲ್ಲೇ 17 ತುಂಬುತ್ತದೆ, ಮತದಾರರ ಪಟ್ಟಿಗೆ ನಮೂನೆ 6ರಲ್ಲಿ ಮುಂಗಡ ಅರ್ಜಿ ಹಾಕುವ ವಯಸ್ಸು ಅದು. ‘ಹಳೆಯ ಪಕ್ಷಗಳೆಲ್ಲ ಒಂದೇ, ನಾವು ಮಾತ್ರ ಜನರ ಪಕ್ಷ’ ಎಂಬ ಮಾತು ಮೊಬೈಲಿನಲ್ಲಿ ಕೇಳಿಸಿದಾಗ ಅದನ್ನು ಒರೆಗೆ ಹಚ್ಚುವ ಅಭ್ಯಾಸವೇ ಅವರಿಗಿರುವುದಿಲ್ಲ.

ಇಂಥ ಪಕ್ಷಗಳು ಕೆಟ್ಟವೆಂದು ನಾವು ಹೇಳುತ್ತಿಲ್ಲ. 1952ರಲ್ಲಿ ಕೊಡಗು ‘ಸಿ’ ವರ್ಗದ ಪ್ರತ್ಯೇಕ ಸಣ್ಣ ರಾಜ್ಯವಾಗಿದ್ದಾಗ ವಿಧಾನಸಭೆಯ 24 ಸ್ಥಾನಗಳಲ್ಲಿ 15 ಕಾಂಗ್ರೆಸ್ಸಿಗೆ ಬಂದವು. ಮೈಸೂರಿನೊಂದಿಗೆ ವಿಲೀನ ಬೇಡವೆಂದ, ಗಾಂಧಿವಾದಿ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷ 9 ಗೆದ್ದಿತು. ನಮ್ಮ ಮಕ್ಕಳಿಗೆ ಇದು ಮೊದಲ ಪಾಠವಾಗಬೇಕು. ಅಸ್ಸಾಂ ಗಣ ಪರಿಷತ್ತು ವಿದ್ಯಾರ್ಥಿ ಚಳವಳಿಯಿಂದ ಹುಟ್ಟಿ 1985ರಲ್ಲಿ, ಪಕ್ಷ ಕಟ್ಟಿದ ಕೆಲವೇ ತಿಂಗಳಲ್ಲಿ, ಅಧಿಕಾರ ಹಿಡಿಯಿತು. ಇಟಲಿಯ ಫೈವ್ ಸ್ಟಾರ್ ಚಳವಳಿ 2009ರಲ್ಲಿ ಆರಂಭವಾಗಿ 2018ರಲ್ಲಿ ಶೇ 32ಕ್ಕೂ ಹೆಚ್ಚು ಮತ ಪಡೆಯಿತು, ಮರುವರ್ಷವೇ ತಾನು ಬೈಯುತ್ತಿದ್ದ ಡೆಮಾಕ್ರಟಿಕ್ ಪಕ್ಷದ ಜೊತೆ ಸೇರಿ ಸರ್ಕಾರ ಮಾಡಿತು. ಆಮ್ ಆದ್ಮಿ ಪಕ್ಷದ ಮೊದಲ ದೆಹಲಿ ಸರ್ಕಾರ 49 ದಿನಕ್ಕೆ ರಾಜೀನಾಮೆ ಕೊಟ್ಟದ್ದು ಭ್ರಷ್ಟಾಚಾರ ತಡೆಯುವ ಜನಲೋಕಪಾಲ ಮಸೂದೆಯ ಮೇಲೆ. ಕೇಂದ್ರದ ಪೂರ್ವಾನುಮತಿಯಿಲ್ಲದೆ ಅದನ್ನು ಮಂಡಿಸುವಂತಿಲ್ಲ ಎಂಬ ತಕರಾರು ಎದ್ದಿತ್ತು. ಆಶ್ವಾಸನೆ ಪ್ರಾಮಾಣಿಕವಾಗಿದ್ದರೂ ಅಧಿಕಾರ ಇನ್ನೊಬ್ಬರ ಕೈಯಲ್ಲಿರಬಹುದು. ವ್ಯವಸ್ಥೆ ವಿರೋಧಿ ಪಕ್ಷಗಳು ಮತ್ತೆ ಮತ್ತೆ ಎಡವುವುದು ಇಲ್ಲೇ.

ಇದನ್ನು ಕಲಿಸಲು ಹೊಸ ಪಠ್ಯ ಬೇಕಿಲ್ಲ, ಶಾಲಾ ಚುನಾವಣೆಯನ್ನೇ ಸರಿಯಾಗಿ ನಡೆಸಿದರೆ ಸಾಕು. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ನಾಮಪತ್ರಕ್ಕೆ ಸಹಿ ಹಾಕುವ ಒಬ್ಬ ಸೂಚಕ ಸಾಕು, ಪಕ್ಷೇತರರಿಗೂ ಮಾನ್ಯತೆಯಿಲ್ಲದ ಪಕ್ಷದವರಿಗೂ 10 ಸೂಚಕರು ಬೇಕು. ಶಾಲೆಯಲ್ಲಿ ಎಲ್ಲರಿಗೂ 10 ಸಹಿ ಎಂದಿಡಿ, ಅಂಕದ ಷರತ್ತು ತೆಗೆಯಿರಿ. ಪ್ರಣಾಳಿಕೆ ಒಂದೇ ಪುಟ. ಪ್ರತಿ ಭರವಸೆಯ ಪಕ್ಕ ಮೂರು ಕಾಲಂ: ತೀರ್ಮಾನಿಸುವವರು ಯಾರು, ಖರ್ಚೆಷ್ಟು, ಎಷ್ಟು ದಿನ. ಸಮವಸ್ತ್ರ ಆಡಳಿತ ಮಂಡಳಿಯದು, ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿ ಬೆಂಗಳೂರಿನ ಪರೀಕ್ಷಾ ಮಂಡಳಿಯದು. ಮೊದಲ ಕಾಲಂ ತುಂಬುವಾಗಲೇ ಅರ್ಧ ಭರವಸೆಗಳು ತಾವಾಗಿ ಉದುರುತ್ತವೆ. ಜನಲೋಕಪಾಲದ ಪಾಠ ಅಲ್ಲಿಗೆ ಅರ್ಥವಾಗುತ್ತದೆ.

ಮತದಾನ ಕೈ ಎತ್ತಿಸಿ ಮಾಡಬಾರದು. ಪೆನ್ನಿನ ಬದಲು ಮೊಹರು ಬಳಸಿ, ಏಕೆಂದರೆ ಪೆನ್ನಿನ ಗೀಟಿನಿಂದಲೇ ಯಾರ ಮತವೆಂದು ಟೀಚರಿಗೆ ಗೊತ್ತಾಗುವುದುಂಟು. ಚೀಟಿಯನ್ನು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಚಬೇಕು. ಮೊದಲೇ ಅಡ್ಡ ಮಡಚಿದರೆ ಹಸಿ ಶಾಯಿ ಇನ್ನೊಬ್ಬರ ಗುರುತಿಗೆ ಅಂಟಿ ಎಣಿಕೆಯಲ್ಲಿ ಜಗಳವಾಗುತ್ತದೆ. ನಮ್ಮ ಮಳೆಗಾಲದಲ್ಲಿ ಶಾಯಿ ಬೇಗ ಒಣಗುವುದೂ ಇಲ್ಲ. ನೋಟಾ ಇರಲಿ. ಎಣಿಕೆಗೆ ಪ್ರತಿ ಅಭ್ಯರ್ಥಿಯ ಏಜೆಂಟ್ ಕೂರಲಿ. ಜುಲೈಯಲ್ಲಿ ಇಟ್ಟುಕೊಂಡರೆ ಮಳೆ ರಜೆಯಿಂದ ಪ್ರಚಾರ ಅರ್ಧಕ್ಕೇ ನಿಂತು ಕೊನೆಗೆ ಶಾಲೆಯ ಬೆಳಗಿನ ಅಸೆಂಬ್ಲಿಯಲ್ಲೇ ಆಯ್ಕೆ ಮುಗಿಸುತ್ತಾರೆ. ಆಗಸ್ಟ್ ಕೊನೆಯ ಎರಡು ವಾರ, ಸೆಪ್ಟೆಂಬರ್ ಆರಂಭದ ಕೊಡವರ ಹಬ್ಬ ಕೈಲ್ ಮುಹೂರ್ತಕ್ಕೆ ಮೊದಲು, ಒಳ್ಳೆಯ ಸಮಯ.

ಸೋತವರನ್ನು ಮನೆಗೆ ಕಳಿಸಬೇಡಿ. ದೊಡ್ಡವರ ಚುನಾವಣೆಯಲ್ಲಿ ಠೇವಣಿ ಉಳಿಸಿಕೊಳ್ಳಲು ಬೇಕಾದ ಆರನೇ ಒಂದರಷ್ಟು ಮತ ಮೀರಿದ ಪ್ರತಿಯೊಬ್ಬರಿಗೂ ವಿರೋಧ ಪಕ್ಷದ ಬೆಂಚಿನಲ್ಲಿ ಸ್ಥಾನ ಕೊಡಿ. ತಿಂಗಳಿಗೊಮ್ಮೆ 40 ನಿಮಿಷ ಪ್ರಶ್ನೋತ್ತರ, ಪ್ರಶ್ನೆ ಐದು ದಿನ ಮುಂಚೆ ಬರಹದಲ್ಲಿ, ಮೊದಲ ಪ್ರಶ್ನೆ ವಿರೋಧ ಪಕ್ಷದ್ದು. ಟೀಚರ ಹೆಸರೆತ್ತಬಾರದು, ವಿಷಯ ಮಾತ್ರ ಕೇಳಬೇಕು. ಈ ಒಂದು ನಿಯಮ ತಪ್ಪಿದರೆ ಎರಡನೇ ತಿಂಗಳಿಗೇ ಸ್ಟಾಫ್ ರೂಮು ಇಡೀ ಪ್ರಯೋಗವನ್ನು ನಿಲ್ಲಿಸುತ್ತದೆ.

ಫಾದರ್, ಸಿಸ್ಟರುಗಳ ಹಿಂಜರಿಕೆ ನಮಗೆ ಅರ್ಥವಾಗುತ್ತದೆ. ಪಾದ್ರಿಗಳು ರಾಜಕೀಯ ಪಕ್ಷಗಳಲ್ಲಿ ಸಕ್ರಿಯರಾಗಬಾರದೆಂದು ಕ್ಯಾಥೊಲಿಕ್ ಚರ್ಚಿನ ಕಾನೂನಾದ 1983ರ ಕ್ಯಾನನ್ ಸಂಹಿತೆ ಹೇಳುತ್ತದೆ. ಕೊಡವ, ಗೌಡ, ಮುಸ್ಲಿಂ ಮನೆಗಳ ಮಕ್ಕಳೂ ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳೂ ಒಟ್ಟಿಗೆ ಕೂರುವ ತರಗತಿಗೆ ಪಕ್ಷದ ಬಾವುಟ ಬರಲೇಬಾರದು. ಆದರೆ ರಾಜಕೀಯವನ್ನೇ ಹೊರಗಿಡಿ ಎಂದು ಚರ್ಚಿನ ಬೋಧನೆ ಎಲ್ಲಿಯೂ ಹೇಳಿಲ್ಲ. ಪೋಪ್ ಫ್ರಾನ್ಸಿಸ್ 2020ರ ‘ಫ್ರಾತೆಲ್ಲಿ ತುತ್ತಿ’ ಪತ್ರದ ಐದನೇ ಅಧ್ಯಾಯವನ್ನು ಒಳ್ಳೆಯ ರಾಜಕಾರಣಕ್ಕೇ ಮೀಸಲಿಟ್ಟು, ಜನರಿಗೆ ನಿಜವಾಗಿ ದನಿಯಾಗುವ ನಾಯಕನನ್ನೂ ಜನರ ಹೆಸರಿನಲ್ಲಿ ಸ್ವಂತ ಅಧಿಕಾರ ಬೆಳೆಸಿಕೊಳ್ಳುವವನನ್ನೂ ಬೇರೆ ಮಾಡಿ ತೋರಿಸಿದ್ದಾರೆ. ಯಾವ ಧರ್ಮದ ಮಕ್ಕಳೊಂದಿಗೂ ಚರ್ಚಿಸಬಹುದಾದ ವಿಷಯ ಅದು. ವಾರದ ಮೌಲ್ಯ ಶಿಕ್ಷಣದ ಪೀರಿಯಡ್ ಇದಕ್ಕೆ ಸಿಗುತ್ತದೆ.

ಶಾಲೆಗಳ ಆಡಳಿತ ಮಂಡಳಿಗಳು ಮುಂದಿನ ವರ್ಷದ ಕ್ರಿಯಾಯೋಜನೆಯಲ್ಲೇ ನಾಮಪತ್ರದ ದಿನಾಂಕವನ್ನೂ ಮೊದಲ ಪ್ರಶ್ನೋತ್ತರದ ದಿನಾಂಕವನ್ನೂ ನಮೂದಿಸಿ, ಜೂನ್ ಮೊದಲ ವಾರದಲ್ಲೇ ನೋಟಿಸ್ ಬೋರ್ಡಿಗೆ ಹಾಕಬೇಕೆಂದು ಕೋರುತ್ತೇವೆ.

– ಹೈಸ್ಕೂಲು ಸಮಾಜ ವಿಜ್ಞಾನ ಶಿಕ್ಷಕರು, ವಿರಾಜಪೇಟೆ